ಅಪ್‌ಡೇಟ್: ಜಿಪ್ಸಿ ಮಾಡ್‌ನ ನಡುಕ ನಿಂತಿತು

ಬೀಮ್‌ಎನ್‌ಜಿ.ಡ್ರೈವ್ ಎಂಬ ಗಾಡಿ ಓಡಿಸುವ ಕಂಪ್ಯೂಟರ್ ಆಟಕ್ಕೆ ಮಾಡ್ ಆಗಿ, ಅಂದರೆ ಆಟಗಾರರೇ ಸೇರಿಸುವ ಗಾಡಿಯಾಗಿ, ನಾನು ಕಟ್ಟುತ್ತಿರುವ ಮಾರುತಿ ಜಿಪ್ಸಿ ಬಗ್ಗೆ ಹಿಂದೆ ಕೇಳಿದ್ದೆ: ಗಾಡಿ ಮ್ಯಾಪ್‌ಗೆ ಇಳಿದ ಕೂಡಲೇ ಮುಂದಿನ ಆಕ್ಸಲ್ ಗಡಗಡ ನಡುಗಿ ಲೀಫ್ ಸ್ಪ್ರಿಂಗ್ ಮುರಿದುಹೋಗುತ್ತದೆ, ಯಾಕೆ? ನೋಡ್‌ಗಳ ತೂಕ ನೋಡಿ ಅಂದವರಿಗೆ ತುಂಬಾ ಧನ್ಯವಾದ. ಸಮಸ್ಯೆ ಅಲ್ಲೇ ಇತ್ತು.

ಈ ಆಟದಲ್ಲಿ ಗಾಡಿ ಅಂದರೆ ತೂಕವಿರುವ ನೋಡ್‌ಗಳು, ಅವನ್ನು ಜೋಡಿಸುವ ಬೀಮ್‌ಗಳು. ಲೆಕ್ಕ ಸೆಕೆಂಡಿಗೆ 2000 ಸಲ ನಡೆಯುತ್ತದೆ. ಹಗುರ ನೋಡ್‌ಗೆ ತೀರಾ ಬಿಗಿಯಾದ ಬೀಮ್ ಕಟ್ಟಿದರೆ ಒಂದು ಲೆಕ್ಕದಿಂದ ಮುಂದಿನದರೊಳಗೆ ನೋಡ್ ತನ್ನ ಜಾಗ ದಾಟಿಬಿಡುತ್ತದೆ, ವಾಪಸ್ ಎಳೆದಾಗ ಆ ಕಡೆಗೆ ಇನ್ನೂ ದೂರ. ಅದೇ ನಡುಕ. ಲೀಫ್ ಪ್ಲೇಟ್‌ಗಳ ನೋಡ್ ತೂಕ ಏರಿಸಿ ಬೀಮ್‌ಸ್ಪ್ರಿಂಗ್ (ಬೀಮ್‌ನ ಬಿಗಿತ) ಇಳಿಸಿದೆ. ಹೆಚ್ಚಿದ ತೂಕವನ್ನು ಬಾಡಿಯಿಂದ ಕಳೆದೆ. ಸುಮಾರು ಒಂದು ಟನ್ನಿನ ಆ ಹಗುರತನ ಹೋದರೆ ಅದು ಜಿಪ್ಸಿಯೇ ಅಲ್ಲ. ಈಗ ಕಲ್ಲಿನ ಮೇಲೆ ಒಂದು ಚಕ್ರ ಏರಿದರೆ ಆಕ್ಸಲ್ ಚೆನ್ನಾಗಿ ವಾಲುತ್ತದೆ.

ಡ್ರೈವ್‌ಟ್ರೇನ್ ಬೇಗ ಮುಗಿಯಿತು. ಅಸಲಿ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಕಳಿಸುವ ಪೆಟ್ಟಿಗೆ) ಗೇರ್‌ಬಾಕ್ಸಿನಿಂದ ಬೇರೆಯಾಗಿ ಕೂತಿದೆ, ನಡುವೆ ಪುಟ್ಟ ಪ್ರೊಪೆಲ್ಲರ್ ಶಾಫ್ಟ್. ಮುಂದಿನ, ಹಿಂದಿನ ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲ. ಹಾಗಾಗಿ ಆಟದ ರೇಂಜ್‌ಬಾಕ್ಸ್ (ಹೈ-ಲೋ ಗೇರ್) ಆದಮೇಲೆ ಸ್ಪ್ಲಿಟ್‌ಶಾಫ್ಟ್ (ಎರಡೂ ಆಕ್ಸಲ್‌ಗೆ ಶಕ್ತಿ ಕವಲೊಡೆಸುವ ಶಾಫ್ಟ್) ಹಾಕಿದ್ದೇನೆ. ಫೋರ್‌ವೀಲ್‌ನಲ್ಲಿ ಟಾರ್ ರಸ್ತೆಯ ಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಗಾಡಿ ಹಿಡಿದುಕೊಳ್ಳುತ್ತದೆ, ನಿಜದ ಜಿಪ್ಸಿಯ ಹಾಗೆಯೇ! ಸೆಂಟರ್ ಡಿಫ್ ಸೇರಿಸಿ ಎಂದು ಒಬ್ಬರು ಸಲಹೆ ಕೊಟ್ಟಿದ್ದರು. ಕ್ಷಮಿಸಿ, ಸೇರಿಸುವುದಿಲ್ಲ.

ಉಳಿದಿರುವುದು ಡ್ಯಾಶ್‌ಬೋರ್ಡ್ ಮತ್ತು ಸಾಫ್ಟ್ ಟಾಪ್. ಕ್ಯಾನ್ವಾಸ್ ಗಾಳಿಗೆ ಪಟಪಟಿಸುವಂತೆ ಬೀಮ್‌ಗಳನ್ನು ಸಡಿಲ ಬಿಡುವುದು ಗೊತ್ತಿರುವವರು ದಯವಿಟ್ಟು ತಿಳಿಸಿ.