ಅಪ್‌ಡೇಟ್: ನನ್ನ ತೋಟದ ಬರಹ ಓದೋರು ಸಿಕ್ಕರು

ಶಿರಸಿ ಕಡೆಯ ಅಡಿಕೆ ತೋಟದ ಬದುಕಿನ ಬಗ್ಗೆ ಒಂದು ವಾರಪತ್ರಿಕೆಗೆ ಸುಮ್ನೆ ಹವ್ಯಾಸಕ್ಕೆ ಬರೆಯುತ್ತೇನೆ, ಓದುವವರು ಯಾರೆಂದು ತಿಳಿಯೋದು ಹೇಗೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕತೆ.

ಕೊನೆಯಲ್ಲಿ ‘ಅಭಿಪ್ರಾಯ ತಿಳಿಸಿ’ ಅಂತ ಹಾಕಿ ನೋಡಿದೆ. ಯಾರೂ ತಿಳಿಸಲಿಲ್ಲ. ಸಂಪಾದಕರಿಗೆ ಎಷ್ಟು ಪ್ರತಿ ಹೋಗುತ್ತದೆ ಅನ್ನೋದಷ್ಟೇ ಗೊತ್ತು.

ಕೆಲಸ ಮಾಡಿದ್ದು ‘ಗೊತ್ತಿರೋರು ಸುಮ್ಮನಿರಲಾಗದ ಪ್ರಶ್ನೆ ಕೇಳಿ’ ಅಂದವರ ಸಲಹೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಬರಹದಲ್ಲಿ, ಅದಕ್ಕೆ ಹೊಡೆಯುವ ಔಷಧಿ ಬೋರ್ಡೋ ದ್ರಾವಣದ ಲೆಕ್ಕ ಬರೆದೆ: 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಜೊತೆಗೆ, ನಿಮ್ಮ ಮನೆಯಲ್ಲಿ ಅಡಿಕೆ ಗೊನೆಗೆ ಕೊಟ್ಟೆ (ಮಳೆ ತಾಗದಂತೆ ಹಾಕುವ ಹೊದಿಕೆ) ಕಟ್ಟುತ್ತಿದ್ದದ್ದು ಯಾರಿಗೆ ನೆನಪಿದೆ ಅಂತ ಕೇಳಿ ವಾಟ್ಸಾಪ್ ನಂಬರ್ ಹಾಕಿದೆ.

ಅಬ್ಬಾ! ಉದ್ದುದ್ದ ವಾಯ್ಸ್ ಮೆಸೇಜುಗಳು. ಜಾಸ್ತಿ ಬಂದದ್ದು ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರಿಂದ. ಕಣ್ಣು ಮಂಜಾದ ಅಜ್ಜಿಯೊಬ್ಬರಿಗೆ ಸೊಸೆ ಓದಿ ಹೇಳುತ್ತಾರಂತೆ. ಅಂದರೆ ಓದುಗರಷ್ಟೇ ಅಲ್ಲ, ಕೇಳುಗರೂ ಇದ್ದಾರೆ. ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಔಷಧಿ ಹೊಡೆಯೋದು ಶುರುವಾದ ಮೇಲೂ ತಮ್ಮ ಮನೆಯಲ್ಲಿ ಕೊಟ್ಟೆ ಕಟ್ಟೋದು ಬಿಡಲಿಲ್ಲ ಅಂತ ಆ ಅಜ್ಜಿಯೇ ಹೇಳಿ ಕಳಿಸಿದರು. ಇನ್ನು ಪಕ್ಕದ ಮನೆಯವರು ಒಂದೂ ಬಿಡದೆ ಓದಿದ್ದಾರೆ, ಆದರೆ ಎದುರಿಗೆ ಸಿಕ್ಕಾಗ ಮಾತಾಡೋದು ಮಳೆ ಬಗ್ಗೆ ಮಾತ್ರ!

ನಂಬರ್ ಹಾಕುವುದಾದರೆ ಬೇರೆ ಸಿಮ್ ಇಟ್ಟುಕೊಳ್ಳಿ. ಬೆಳಗಾಗುವ ಮುಂಚೆಯೇ ಅಡಿಕೆ ರೇಟ್ ಕೇಳುವ ಫೋನುಗಳೂ ಬರುತ್ತವೆ. ಮುಂದಿನ ಬರಹ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರ ಬಗ್ಗೆ, ಅಜ್ಜಿಯ ಆರ್ಡರ್.