ಸಹಾಯ ಬೇಕು: ಹಳೆಯ ವಿಲ್ಲೀಸ್ ವ್ಯಾಗನ್ ಶೆಡ್ಡಿನಿಂದ ಹೊರಗೆ ತಳ್ಳಲು ಮೂರು ರಿಮ್

ಸಕಲೇಶಪುರದ ಕಾಫಿ ತೋಟದ ಶೆಡ್ಡಿನಲ್ಲಿರುವ ವಿಲ್ಲೀಸ್ ಸ್ಟೇಷನ್ ವ್ಯಾಗನ್ (ಜೀಪ್ ಕಂಪನಿಯ ಹಳೆಯ ಕಾರು) ಹಾಸನಕ್ಕೆ ಸಾಗಬೇಕು. ಮೂರು ರಿಮ್‌ಗಳ (ಟೈರ್ ಕೂರುವ ಲೋಹದ ಚಕ್ರ) ಅಂಚು ಬೆರಳಿಟ್ಟರೆ ತುಕ್ಕಾಗಿ ಉದುರುತ್ತದೆ. ಓಡಿಸಲಲ್ಲ, ಲಾರಿಗೆ ಹತ್ತಿಸಲು ಮಾತ್ರ. ಗಾಳಿ ನಿಲ್ಲುವ ಸವೆದ ಟೈರ್ ಸಾಕು.

ರಿಮ್‌ಗೆ ಐದು ಬೋಲ್ಟ್, ಅವುಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ 139.7 ಮಿ.ಮೀ. ಹಳೆಯ ಮಹೀಂದ್ರ ಜೀಪ್ ಅಥವಾ ಮಾರುತಿ ಜಿಪ್ಸಿಯ ರಿಮ್ ನಡೆಯುತ್ತದೆ. ನಟ್ ಕೊಡುವುದು ಬೇಡ: ಜಿಪ್ಸಿಯದು ಮೆಟ್ರಿಕ್, ನಮ್ಮ ವ್ಯಾಗನ್‌ದು ಅರ್ಧ ಇಂಚು, ಅದರಲ್ಲೂ ಎಡಬದಿಯದು ಉಲ್ಟಾ ಥ್ರೆಡ್ (ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು). ಅದನ್ನು ಮರೆತು ಜೋರು ಹಾಕಿದರೆ ನಟ್ ಕೂರುವ ಸ್ಟಡ್ಡೇ ಮುರಿಯುತ್ತದೆ.

ಹಿಂದಿನ ಬಲ ಚಕ್ರದ ಬ್ರೇಕ್ ಡ್ರಮ್ ಕಚ್ಚಿಕೊಂಡಿದೆ. ಬ್ಲೀಡರ್ ನಿಪ್ಪಲ್ (ಬ್ರೇಕ್ ದ್ರವ ಹೊರಬಿಡುವ ತಿರುಪು) ಬಿಚ್ಚಿ, ಬ್ರೇಕ್ ಬಿಗಿ ಹೊಂದಿಸುವ ಅಡ್ಜಸ್ಟರ್ ಸಡಿಲಿಸಿ, ಸುತ್ತಲೂ ತಟ್ಟಿದರೂ ಬಿಡದಿದ್ದರೆ ಆ ಚಕ್ರದಡಿಗೆ ಸ್ಕೇಟ್ (ಪುಟ್ಟ ಗಾಲಿಗಳ ಹಲಗೆ) ಕೂಡ ಬೇಕು. ಗೇರ್‌ಬಾಕ್ಸ್ ಜಾಮ್ ಆಗಿರಬಹುದೆಂದು ಅದನ್ನು ಚಕ್ರಗಳಿಗೆ ಜೋಡಿಸುವ ಪ್ರೊಪೆಲ್ಲರ್ ಶಾಫ್ಟ್ ಮೊದಲೇ ಕಳಚುತ್ತೇವೆ.

ಬೇಲೂರು, ಮೂಡಿಗೆರೆ ಕಡೆಯವರು ಒಂದು ವಾರಕ್ಕೆ ಬಾಡಿಗೆಗೆ ಕೊಟ್ಟರೂ ದೊಡ್ಡ ಉಪಕಾರ.