ತಮ್ಮನಿಗೆ ಕಾಕ್ಲಿಯರ್ ಇಂಪ್ಲಾಂಟ್: ಈಗ ಕೇಳಿಸುವಷ್ಟಾದರೂ ಉಳಿಯಬೇಕು, ಯಾವ ಎಲೆಕ್ಟ್ರೋಡ್ ಹಾಕಿಸಲಿ?

ಮಂಡ್ಯದ ಅಕ್ಕ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 34 ವರ್ಷ, ಮಂಡ್ಯದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಾ ಬಂದಿದೆ. ಆಡಿಯೋಗ್ರಾಮ್‌ನಲ್ಲಿ (ಕಿವಿ ಪರೀಕ್ಷೆಯ ನಕ್ಷೆ, ಡೆಸಿಬಲ್ ಜಾಸ್ತಿಯಾದಷ್ಟೂ ಕೇಳಿಸುವುದು ಕಡಿಮೆ) 250, 500 ಹರ್ಟ್ಸ್ ಹತ್ತಿರ 45 ಡೆಸಿಬಲ್ ಇದೆ, 1000 ದಾಟಿದ ಮೇಲೆ ಗೆರೆ ಸೀದಾ ಕೆಳಗೆ ಬಿದ್ದು 95-100ಕ್ಕೆ ಹೋಗಿದೆ. ಟ್ರ್ಯಾಕ್ಟರ್ ಬಂದದ್ದು ಗೊತ್ತಾಗುತ್ತದೆ, ಯಾರೋ ಮಾತಾಡುತ್ತಿದ್ದಾರೆ ಅಂತಲೂ ಗೊತ್ತಾಗುತ್ತದೆ, ಏನು ಹೇಳಿದರು ಅಂತ ಮಾತ್ರ ತಿಳಿಯುವುದಿಲ್ಲ. ಗಿರಾಕಿ 'ಸಾಕು' ಅಂದರೆ ಇವನಿಗೆ 'ಹಾಕು' ಅಂತ ಕೇಳಿಸಿ ಇನ್ನೊಂದು ಮೂಟೆ ಗಾಡಿಗೆ ಏರಿಸುತ್ತಾನೆ. ಕಿವಿ ಮೆಷಿನ್ ಜೋರು ಮಾಡಿದರೆ ಸದ್ದು ಜಾಸ್ತಿಯಾಗುತ್ತದೆ ಅಷ್ಟೇ.

ಡಾಕ್ಟರು ಇಂಪ್ಲಾಂಟ್ ಹಾಕೋಣ ಅಂದಿದ್ದಾರೆ, ಆದರೆ ಈಗ ಇರುವುದೂ ಹೋಗುವ ಸಾಧ್ಯತೆ ಇದೆ ಅಂತಲೂ ಹೇಳಿದರು. ಒಳಕಿವಿಗೆ ತೂರಿಸುವ ಎಲೆಕ್ಟ್ರೋಡ್ ತಂತಿಯಲ್ಲಿ ನೇರವಾದದ್ದು ಒಂದು, ಮೊದಲೇ ಬಾಗಿರುವುದು ಒಂದು, ಅದರಲ್ಲೂ ಉದ್ದ ಗಿಡ್ಡ ಅಂತೆ. ಕಿವಿ ಉಳಿಯಬೇಕಾದರೆ ಅತಿ ಗಿಡ್ಡದ್ದೇ ಹಾಕಿಸಬೇಕು ಅಲ್ವಾ? ತಿಳಿದವರು ಹೇಳಿ.

ಮೈಸೂರು ಆಡಿಯಾಲಜಿಸ್ಟ್
ಅಕ್ಕ, ಒಳಕಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನ ಹಾಗೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿದೆ. ಕೀರಲು ದನಿ ಬಾಗಿಲ ಹತ್ತಿರದ ಸುತ್ತಿನಲ್ಲಿ, ದಪ್ಪ ದನಿ ಒಳಗಿನ ತುದಿಯಲ್ಲಿ. ನಿಮ್ಮ ತಮ್ಮನಿಗೆ ಹೋಗಿರುವುದು ಬಾಗಿಲ ಕಡೆಯದು, ಉಳಿದಿರುವುದು ತುದಿಯದು. ಎಲೆಕ್ಟ್ರೋಡ್ ಬಾಗಿಲ ಕಡೆಯಿಂದಲೇ ಒಳಗೆ ಹೋಗುತ್ತದೆ. ಹಾಗಾಗಿ ತುದಿಗೆ ಪೆಟ್ಟಾಗದ ಹಾಗೆ ಹಾಕಿದರೆ ಅದೇ ಕಿವಿಯಲ್ಲಿ ದಪ್ಪ ದನಿಗೆ ಮೆಷಿನ್, ಕೀರಲು ದನಿಗೆ ಕರೆಂಟು, ಎರಡನ್ನೂ ಸೇರಿಸಿ ಕೇಳಬಹುದು. 1999ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ವಾನ್ ಇಲ್ಬರ್ಗ್ ತಂಡ ಇದನ್ನು ಮಾಡಿ ತೋರಿಸಿತು.

ನೇರವಾದದ್ದು ಹೊರಗೋಡೆಗೆ ಒರಗಿಕೊಂಡು ಹೋಗುತ್ತದೆ. ತೆಳು, ಮೆತ್ತಗೆ ಇರುತ್ತದೆ. ಕಾಕ್ಲಿಯರ್ ಕಂಪನಿಯ ಸ್ಲಿಮ್ ಸ್ಟ್ರೇಟ್, ಮೆಡ್-ಎಲ್‌ನ ಫ್ಲೆಕ್ಸ್ 24, ಅಡ್ವಾನ್ಸ್‌ಡ್ ಬಯಾನಿಕ್ಸ್‌ನ ಸ್ಲಿಮ್ ಜೆ ಎಲ್ಲ ಈ ಜಾತಿಯವು. ಬಾಗಿರುವುದು ಕಾಕ್ಲಿಯಾದ ನಡುಗಂಬವನ್ನು ತಬ್ಬಿಕೊಂಡು ನರಕ್ಕೆ ಹತ್ತಿರ ಕೂರುತ್ತದೆ, ಅದು ಒಳ್ಳೆಯದೇ. ಆದರೆ ಒಳಗೆ ಸರಳು ಇದ್ದ ಹಳೆಯ ದಪ್ಪ ಮಾದರಿಗಳು ನಡುವಿನ ಪೊರೆ ಹರಿದು ಮೇಲಿನ ಕೋಣೆಗೆ ನುಗ್ಗುವುದು ಜಾಸ್ತಿ ಇತ್ತು, ಹಾಗೆ ನುಗ್ಗಿದರೆ ಉಳಿದ ಕೇಳುವ ಶಕ್ತಿ ಬಹುತೇಕ ಹೋದ ಹಾಗೆಯೇ. ಬಾಗಿರುವುದರಲ್ಲೇ ಈಗಿನ ತೆಳು ಮಾದರಿ ಸ್ಲಿಮ್ ಮೊಡಿಯೋಲಾರ್ ಅವಕ್ಕಿಂತ ಎಷ್ಟೋ ವಾಸಿ.

ಇನ್ನು ಗಿಡ್ಡದ್ದು. ಕಾಕ್ಲಿಯರ್‌ನವರ ಹೈಬ್ರಿಡ್ ಎಲ್24 ಒಳಗೆ ಹೋಗುವುದು 16 ಮಿ.ಮೀ. ಮಾತ್ರ, ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ತುದಿಯನ್ನು ಮುಟ್ಟುವುದೇ ಇಲ್ಲ, ನಿಜ. ಆದರೆ ಮುಂದೆ ಉಳಿದದ್ದೂ ಹೋಯಿತು ಅಂದುಕೊಳ್ಳಿ, ಆಗ ಆ 16 ಮಿ.ಮೀ. ಸಾಲುವುದಿಲ್ಲ. ಕೆಲವರಿಗೆ ಅದನ್ನು ತೆಗೆದು ಉದ್ದದ್ದು ಹಾಕಿದ್ದೂ ಉಂಟು. 34 ವರ್ಷದವರಿಗೆ, ಅದೂ ಕಿವಿ ಇನ್ನೂ ಇಳಿಯುತ್ತಲೇ ಇರುವವರಿಗೆ, ನಾನಂತೂ ಅತಿ ಗಿಡ್ಡದ್ದು ಬೇಡ ಅನ್ನುತ್ತೇನೆ. 20ರಿಂದ 24 ಮಿ.ಮೀ. ಒಳಗೆ ಹೋಗುವ ತೆಳು ನೇರದ್ದನ್ನು ವಿಚಾರಿಸಿ.

ಕುವೆಂಪುನಗರದವಳು
ನನಗೆ 24 ಮಿ.ಮೀ. ನೇರದ್ದೇ ಹಾಕಿರುವುದು. ಪ್ರೊಸೆಸರ್‌ಗೇ (ಇಂಪ್ಲಾಂಟ್‌ನ ಹೊರಗಿನ ಯಂತ್ರ) ಕಿವಿ ಮೆಷಿನ್ನಿನ ಮೋಲ್ಡ್ ಸಿಕ್ಕಿಸಿ ಎರಡನ್ನೂ ಒಟ್ಟಿಗೆ ಕೇಳುತ್ತಿದ್ದೆ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರು ನಾಲ್ಕು ಕಡೆಯಿಂದ ಕೂಗುವಾಗಲೂ ನನ್ನ ಎದುರಿಗಿದ್ದವಳು ಮೊಳಕ್ಕೆ ಎಷ್ಟು ಹೇಳಿದಳು ಅಂತ ತಿಳಿಯುತ್ತಿತ್ತು. ಕೆಲವು ತಿಂಗಳಾದ ಮೇಲೆ ದಪ್ಪ ದನಿ ಸಣ್ಣಗೆ ಜಾರತೊಡಗಿತು. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಹೀಗೆ ತಡವಾಗಿ ಇಳಿಯುವುದೂ ಉಂಟಂತೆ. ಮ್ಯಾಪಿಂಗ್, ಅಂದರೆ ಯಾವ ದನಿ ಯಾವ ಚಾನೆಲ್‌ಗೆ ಅನ್ನುವ ಹೊಂದಿಕೆ, ಬದಲಿಸಿ ಒಳಗಿನ ಚಾನೆಲ್‌ಗಳಿಗೇ ದಪ್ಪ ದನಿಯನ್ನೂ ಕೊಟ್ಟರು. ಸಂಗೀತ ಮೊದಲಿನಷ್ಟು ಹಿತವಾಗಿಲ್ಲ, ಅದಕ್ಕೆ ಬೇಜಾರಿದೆ. ಮಾತು ಮಾತ್ರ ಕೈಬಿಡಲಿಲ್ಲ, ಫೋನಿನಲ್ಲಿ ಮಗಳ ಜೊತೆ ಆರಾಮಾಗಿ ಮಾತಾಡುತ್ತೇನೆ. ಗಿಡ್ಡದ್ದು ಹಾಕಿಸಿದ್ದರೆ ಇನ್ನೊಂದು ಆಪರೇಷನ್‌ಗೆ ಹೋಗಬೇಕಿತ್ತೇನೋ.

ಮಂಡ್ಯದ ಅಕ್ಕ
ತುಂಬಾ ಉಪಕಾರವಾಯಿತು. ಕೊನೆಗೆ ಹೋಗುವುದೇ ಆದರೆ ಉಳಿಸಲು ಇಷ್ಟೆಲ್ಲ ಯಾಕೆ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ. ಡಾಕ್ಟರ ಹತ್ತಿರ ಏನೇನು ಕೇಳಲಿ?

ಮೈಸೂರು ಆಡಿಯಾಲಜಿಸ್ಟ್
ಎಲ್ಲರಿಗೂ ಹೋಗುವುದಿಲ್ಲ ಅಕ್ಕ, ವರ್ಷಗಟ್ಟಲೆ ಉಳಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಹೋದರೂ ಮೆತ್ತಗೆ ಹಾಕಿದ ಕಿವಿಯ ಒಳಭಾಗ ಕೆಡದೆ ಇರುವುದು ಇಂಪ್ಲಾಂಟ್‌ಗೇ ಲಾಭ. ಕಂಪನಿ ಹೆಸರಿಗಿಂತ ಸರ್ಜನ್ ಕೈ ಮುಖ್ಯ. ಸಿಟಿ ಸ್ಕ್ಯಾನ್‌ನಲ್ಲಿ ಕಾಕ್ಲಿಯಾದ ಉದ್ದ ಅಳೆದಿದ್ದೀರಾ ಅಂತ ಕೇಳಿ, ಅದು ಒಬ್ಬೊಬ್ಬರಿಗೆ ಒಂದೊಂದು ಥರ. ರೌಂಡ್ ವಿಂಡೋ, ಅಂದರೆ ಕಾಕ್ಲಿಯಾಕ್ಕೆ ಮೊದಲೇ ಇರುವ ಸಣ್ಣ ಕಿಂಡಿ, ಅದರ ಮೂಲಕ ನಿಧಾನವಾಗಿ ತೂರಿಸುತ್ತಾರಾ, ಸ್ಟೀರಾಯ್ಡ್ ಕೊಡುತ್ತಾರಾ ಕೇಳಿ. ಎಲೆಕ್ಟ್ರೋಕಾಕ್ಲಿಯೋಗ್ರಫಿ ಇದೆಯಾ ಅಂತಲೂ ಕೇಳಿ: ಹಾಕುತ್ತಿರುವಾಗಲೇ ಕಿವಿಗೆ ದಪ್ಪ ದನಿ ಕೊಟ್ಟು ಒಳಗಿನ ಉತ್ತರ ನೋಡುತ್ತಿರುತ್ತಾರೆ, ಅದು ಕುಸಿದರೆ ಅಲ್ಲೇ ನಿಲ್ಲಿಸಬಹುದು. ಮೆಷಿನ್ ಸೇರುವ ಪ್ರೊಸೆಸರ್ ಈ ಪ್ಯಾಕೇಜಿನಲ್ಲೇ ಬರುತ್ತದಾ, ಬೇರೆ ದುಡ್ಡಾ, ಅದನ್ನು ಬರೆಸಿಕೊಳ್ಳಿ.

ಆಡಿಯೋಗ್ರಾಮ್ ಹಳೆಯದಾಗಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಸಂಸ್ಥೆ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಸ್ಪೀಚ್ ಅಂಡ್ ಹಿಯರಿಂಗ್‌ನಲ್ಲಿ ಹೊಸದಾಗಿ ಮಾಡಿಸಿ, ಬೆಳಿಗ್ಗೆ ಬೇಗ ಬನ್ನಿ. 125 ಹರ್ಟ್ಸ್ ಕೂಡ ನೋಡಿ ಅಂತ ಹೇಳಿ, ಮೆಷಿನ್ ಹಾಕಿಕೊಂಡಾಗ ಮಾತು ಎಷ್ಟು ತಿಳಿಯುತ್ತದೆ ಅನ್ನುವ ಪರೀಕ್ಷೆಯನ್ನೂ ಮಾಡಿಸಿ. ಆಪರೇಷನ್ ಆದ ಮೇಲೆ ಹೋಲಿಸಿ ನೋಡಲು ಅದು ಬೇಕೇ ಬೇಕು.